ಎರಡನೇ ಮಗುವಿನ ಹುಡುಕಾಟ

ದೆಹಲಿಯ ಲೋಧಿ ಕಾಲೋನಿ 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕರರಿಗೆಂದು ಕಟ್ಟಿಸಿದ ಬಡಾವಣೆ. ಎತ್ತರದ ಕಮಾನುಗಳ ಒಂದೇ ಅಚ್ಚಿನ ಕ್ವಾರ್ಟರ್ಸ್‌ಗಳು ಅಲ್ಲಿ ಸಾಲಾಗಿ ನಿಂತಿವೆ. ಮಗ್ಗುಲಲ್ಲೇ ಸಿಜಿಓ ಕಾಂಪ್ಲೆಕ್ಸ್. ದೇಶದ ಜೀನೋಮ್ ಯೋಜನೆಗಳಿಗೆ ಹಣ ಒದಗಿಸುವ ಜೈವಿಕ ತಂತ್ರಜ್ಞಾನ ಇಲಾಖೆ ಇರುವುದು ಅದರೊಳಗೆ. ಪಕ್ಕದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಒಂದು ಕಡೆಗೆ ಕೆಲವೇ ಕಿಲೋಮೀಟರ್ ಹೋದರೆ ಏಮ್ಸ್, ಇನ್ನೊಂದು ಕಡೆಗೆ ಹೋದರೆ ದೆಹಲಿ ಹೈಕೋರ್ಟ್. ಅಪರೂಪದ ಕಾಯಿಲೆಯ ಮಗುವಿಗಾಗಿ ಈ ದೇಶ ಏನೇನು ಮಾಡಬಲ್ಲದೋ ಅದರ ಬಹುಭಾಗ, ಅಂದರೆ ತಜ್ಞ ವೈದ್ಯರು, ಸಂಶೋಧನೆಗೆ ಹಣ, ನ್ಯಾಯಾಲಯ, ನೀತಿ ರೂಪಿಸುವ ಕಚೇರಿ ಎಲ್ಲವೂ ಈ ಸಣ್ಣ ಸುತ್ತಳತೆಯೊಳಗೆ ಸಿಗುತ್ತವೆ. ಇಷ್ಟಿದ್ದೂ ದೂರದೂರುಗಳಿಂದ ಮಗುವನ್ನು ಎತ್ತಿಕೊಂಡು ಬಂದ ಎಷ್ಟೋ ತಂದೆತಾಯಿ ಉತ್ತರವಿಲ್ಲದೆ ಮರಳುತ್ತಾರೆ. ವೈದ್ಯರ ಕೊರತೆ, ಯಂತ್ರಗಳ ಕೊರತೆ, ಹಣದ ಕೊರತೆ ಎಂಬ ಕಾರಣಗಳನ್ನು ನಾವು ಕೇಳುತ್ತಲೇ ಇದ್ದೇವೆ, ಅವು ಸುಳ್ಳಲ್ಲ. ಆದರೆ ಅವುಗಳಿಗಿಂತ ಆಳದ ಕಾರಣವೊಂದಿದೆ ಎಂಬುದು ಈ ಅಧ್ಯಾಯದ ವಾದ. ಉತ್ತರ ಆ ಮಗುವಿನ ದೇಹದೊಳಗೆ ಪೂರ್ತಿಯಾಗಿ ಇರುವುದೇ ಇಲ್ಲ. ಅದರ ಅರ್ಧ ಭಾಗ ಕಾಯಿಲೆಯಿಲ್ಲದ ಸಾವಿರಾರು ಜನರಲ್ಲಿದೆ. ಉಳಿದರ್ಧ, ಎಲ್ಲೋ ಇನ್ನೊಂದು ಊರಿನಲ್ಲಿ, ಇನ್ನೊಂದು ಫೈಲಿನಲ್ಲಿ, ಇದೇ ಲಕ್ಷಣಗಳಿರುವ ಎರಡನೇ ಮಗುವಿನಲ್ಲಿದೆ.

ಇಂಥ ಕುಟುಂಬಗಳ ದಾರಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮಗು ಕತ್ತು ನಿಲ್ಲಿಸುವುದು ತಡವಾಗುತ್ತದೆ, ಅಥವಾ ನಡೆಯುತ್ತಿದ್ದ ಮಗು ಎಡವಲು ಶುರುಮಾಡುತ್ತದೆ, ಇಲ್ಲವೇ ಕಾರಣವಿಲ್ಲದೆ ಫಿಟ್ಸ್ ಬರುತ್ತದೆ. ಊರಿನ ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಅಲ್ಲಿಂದ ಮಹಾನಗರಕ್ಕೆ. ರಕ್ತ ಪರೀಕ್ಷೆ ನಾರ್ಮಲ್, ಇಇಜಿ ನಾರ್ಮಲ್, ಎಂಆರ್‌ಐಯಲ್ಲಿ ಏನೋ ಇದೆ ಆದರೆ ಅದು ಏನೆಂದು ಹೇಳಲಾಗದು. ಫೈಲು ದಪ್ಪವಾಗುತ್ತ ಹೋಗುತ್ತದೆ, ಮಗುವಿನ ಕಾಯಿಲೆಗೆ ಹೆಸರು ಮಾತ್ರ ಹುಟ್ಟುವುದಿಲ್ಲ. ಯೂರೋಪಿನ ರೋಗಿಗಳ ನಡುವೆ ನಡೆದ, 2024ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಅಪರೂಪದ ಕಾಯಿಲೆಯ ಮೊದಲ ಲಕ್ಷಣದಿಂದ ಖಚಿತ ನಿರ್ಣಯಕ್ಕೆ ಸರಾಸರಿ 4.7 ವರ್ಷ ಹಿಡಿಯುತ್ತದೆ. ಅದು ಆರೋಗ್ಯ ವ್ಯವಸ್ಥೆ ಗಟ್ಟಿಯಾಗಿರುವ ಕಡೆಯ ಮಾತು. ಕೊನೆಗೂ ನಿರ್ಣಯ ಸಿಕ್ಕವರ ಮಾತು. ಆರು ಸಾವಿರಕ್ಕೂ ಹೆಚ್ಚು ಅಪರೂಪದ ಕಾಯಿಲೆಗಳನ್ನು ವೈದ್ಯಕೀಯ ಜಗತ್ತು ಗುರುತಿಸಿದೆ. ಅವುಗಳಲ್ಲಿ ಸುಮಾರು ಶೇಕಡಾ 70ರಷ್ಟಕ್ಕೆ ವಂಶವಾಹಿಯ ಮೂಲವಿದೆ, ಹೆಚ್ಚಿನವು ಬಾಲ್ಯದಲ್ಲೇ ತಲೆದೋರುತ್ತವೆ. ಒಂದೊಂದೂ ವಿರಳ. ಎಲ್ಲವನ್ನೂ ಕೂಡಿಸಿದರೆ ಲೋಕದ ಜನಸಂಖ್ಯೆಯ ಶೇಕಡಾ 3.5ರಿಂದ 5.9ರಷ್ಟು ಮಂದಿ ಅವುಗಳ ವ್ಯಾಪ್ತಿಗೆ ಬರುತ್ತಾರೆಂಬ ಅಂದಾಜಿದೆ.

ವಂಶವಾಹಿಯ ಮೂಲದ ಕಾಯಿಲೆಯಾದರೆ ಡಿಎನ್‌ಎ ಓದಿಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಓದುವುದು ಈಗ ನಿಜಕ್ಕೂ ಕಷ್ಟವಲ್ಲ. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಪ್ರೋಟೀನು ತಯಾರಿಸುವ ಸೂಚನೆಗಳಿರುವ ಶೇಕಡಾ ಒಂದೆರಡರಷ್ಟು ಭಾಗಕ್ಕೆ ಎಕ್ಸೋಮ್ ಎನ್ನುತ್ತಾರೆ, ಸುಮಾರು 20,000 ಜೀನುಗಳ ಸಾರ ಅಲ್ಲಿದೆ. ತೊಡಕು ಓದಿದ ಮೇಲೆ ಶುರುವಾಗುತ್ತದೆ. ಆರೋಗ್ಯವಾಗಿರುವ ಯಾವ ಇಬ್ಬರ ಡಿಎನ್‌ಎಯೂ ಒಂದೇ ಅಲ್ಲ. ವಿಜ್ಞಾನಿಗಳು ಮಾದರಿಯೆಂದು ಇಟ್ಟುಕೊಂಡಿರುವ ಜೀನೋಮಿಗೆ ಹೋಲಿಸಿದರೆ ನಮ್ಮೆಲ್ಲರಲ್ಲೂ 40ರಿಂದ 50 ಲಕ್ಷ ಕಡೆ ಅಕ್ಷರ ಬೇರೆಯಾಗಿರುತ್ತದೆ. ತಂದೆತಾಯಿಯರಲ್ಲಿ ಇಲ್ಲದ, ಹೊಸದಾಗಿ ಮೂಡಿದ ಬದಲಾವಣೆಗಳೇ ಪ್ರತಿ ಮಗುವಿನಲ್ಲೂ ಹಲವು ಹತ್ತು ಇರುತ್ತವೆ. ಇವುಗಳಲ್ಲಿ ಕಾಯಿಲೆ ತಂದದ್ದು ಒಂದೋ ಎರಡೋ. ಅದು ಯಾವುದೆಂದು ಆ ಮಗುವಿನ ಡಿಎನ್‌ಎಯನ್ನಷ್ಟೇ ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯದು. ಲೋಧಿ ಕಾಲೋನಿಯ ಒಂದೇ ಒಂದು ಮನೆಯನ್ನು ನೋಡಿದವನಿಗೆ ಅದರ ಕಮಾನು ಸಾಮಾನ್ಯವೋ ವಿಚಿತ್ರವೋ ಗೊತ್ತಾಗುವುದಿಲ್ಲ. ಇಡೀ ಬ್ಲಾಕ್ ಸುತ್ತಿ ಬಂದವನು ಮಾತ್ರ ಇಲ್ಲಿ ಏನೋ ಬೇರೆಯಿದೆ ಎನ್ನಬಲ್ಲ. ಜೀನೋಮಿನ ಮಾತೂ ಹಾಗೆಯೇ. ಒಂದು ಬದಲಾವಣೆ ಆರೋಗ್ಯವಂತರಲ್ಲಿ ಆಗಾಗ ಕಂಡುಬರುವುದಾದರೆ ಅದನ್ನು ಪಕ್ಕಕ್ಕಿಡಬಹುದು. ಯಾರಲ್ಲೂ ಕಾಣದಿದ್ದರೆ ಅನುಮಾನಿಸಬಹುದು. ಅದೇ ಜೀನು ಕೆಟ್ಟ ಇನ್ನೊಂದು ಮಗುವಿನಲ್ಲೂ ಅದೇ ಲಕ್ಷಣಗಳಿದ್ದರೆ ಆಗ ಮಾತ್ರ ಅನುಮಾನ ನಿರ್ಣಯವಾಗುತ್ತದೆ.

ಹೋಲಿಕೆಗೆ ಬೇಕಾದ ಆರೋಗ್ಯವಂತರ ದತ್ತಾಂಶ ಎಲ್ಲಿಂದ ಬಂದಿತ್ತು ಎಂಬುದನ್ನು ನೋಡಿದರೆ ಭಾರತದ ಮಕ್ಕಳ ಕಷ್ಟ ಅರ್ಥವಾಗುತ್ತದೆ. 2016ರಲ್ಲಿ ಪ್ರಕಟವಾಗಿ, ವೈದ್ಯರೆಲ್ಲ ನೆಚ್ಚಿಕೊಂಡ ಎಕ್ಸಾಕ್ ಎಂಬ ಸಂಗ್ರಹದಲ್ಲಿ 60,706 ಜನರ ಎಕ್ಸೋಮ್ ಇತ್ತು. ಅದರಲ್ಲಿ ದಕ್ಷಿಣ ಏಷ್ಯಾದವರು 8,256 ಮಂದಿ. ಅವರಲ್ಲೂ ಬಹುಪಾಲು ಪಾಕಿಸ್ತಾನದಲ್ಲಿ ನಡೆದ ಹೃದ್ರೋಗ ಅಧ್ಯಯನವೊಂದಕ್ಕೆ ಸೇರಿದವರು. ಕೊಪ್ಪಳದ ಒಂದು ಮಗುವಿನಲ್ಲಿ ಕಂಡ ಬದಲಾವಣೆ ಈ ಸಂಗ್ರಹದಲ್ಲಿ ಇಲ್ಲವೆಂದರೆ ಎರಡು ಅರ್ಥ ಸಾಧ್ಯ: ಅದು ನಿಜವಾಗಿಯೂ ವಿರಳ, ಅಥವಾ ಆ ಸೀಮೆಯ ಜನರನ್ನು ಯಾರೂ ಓದಿಯೇ ಇಲ್ಲ. ಎರಡರ ನಡುವೆ ತೀರ್ಮಾನಿಸಲಾಗದೆ ಪ್ರಯೋಗಾಲಯ ಆ ಬದಲಾವಣೆಯನ್ನು 'ವಿಯುಎಸ್' ಎಂದು ರಿಪೋರ್ಟಿನಲ್ಲಿ ಬರೆಯುತ್ತದೆ. ಮಹತ್ವ ನಿಶ್ಚಯವಾಗದ ಬದಲಾವಣೆ ಎಂದು ಅದರ ಅರ್ಥ. ವರ್ಷಗಟ್ಟಲೆ ಕಾದು ಪಡೆದ ರಿಪೋರ್ಟಿನಲ್ಲಿ ತಂದೆತಾಯಿಗೆ ಸಿಗುವ ಉತ್ತರ ಎಷ್ಟೋ ಸಲ ಈ ಮೂರಕ್ಷರ. ಹೋಲಿಕೆಯ ದತ್ತಾಂಶ ಓರೆಯಾಗಿದ್ದರೆ ತಪ್ಪು ಉತ್ತರವೂ ಬರಬಹುದು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಗೆ ಕಾರಣವೆಂದು ಹೇಳಲಾಗಿದ್ದ ಕೆಲವು ಬದಲಾವಣೆಗಳು ಕಪ್ಪು ಅಮೆರಿಕನ್ನರಲ್ಲಿ ಸಾಮಾನ್ಯವಾಗಿರುವ ನಿರಪಾಯಕಾರಿ ಬದಲಾವಣೆಗಳೆಂದು 2016ರಲ್ಲೇ ಹಾರ್ವರ್ಡಿನ ಸಂಶೋಧಕರು ತೋರಿಸಿದರು. ಮೊದಲಿನ ಅಧ್ಯಯನಗಳ ಹೋಲಿಕೆಯ ಗುಂಪಿನಲ್ಲಿ ಕೆಲವೇ ಕೆಲವು ಕಪ್ಪು ಜನರಿದ್ದಿದ್ದರೂ ಆ ತಪ್ಪು ತಪ್ಪುತ್ತಿತ್ತು. ಕಾಯಿಲೆಯೇ ಇಲ್ಲದ ಜನ ಕಾಯಿಲೆಯ ಹಣೆಪಟ್ಟಿ ಹೊತ್ತು ಬದುಕಿದರು.

ಎರಡನೇ ಮಗುವಿನ ಬಲ ಎಷ್ಟೆಂಬುದಕ್ಕೆ ಅಮೆರಿಕದ ಯೂಟಾ ರಾಜ್ಯದಲ್ಲಿದ್ದ ಕಂಪ್ಯೂಟರ್ ವಿಜ್ಞಾನಿ ಮ್ಯಾಟ್ ಮೈಟ್ ಅವರ ಮಗನ ಪ್ರಕರಣ ಸಾಕ್ಷಿ. ಬೆಳವಣಿಗೆ ಕುಂಠಿತವಾಗಿದ್ದ, ಕೈಕಾಲಿನ ಹಿಡಿತವಿಲ್ಲದ, ಅತ್ತರೂ ಕಣ್ಣೀರು ಬಾರದ ಆ ಹುಡುಗನಿಗೆ ಹಲವು ಹೆಸರುಗಳು ಬಂದು, ತಪ್ಪೆಂದು ಹೋಗಿದ್ದವು. ಡ್ಯೂಕ್ ವಿಶ್ವವಿದ್ಯಾಲಯದ ತಂಡ ಅವನದೂ ತಂದೆತಾಯಿಯರದೂ ಎಕ್ಸೋಮ್ ಓದಿ 2012ರಲ್ಲಿ ಎನ್‌ಜಿಎಲ್‌ವೈ1 ಎಂಬ ಜೀನಿನತ್ತ ಬೆರಳು ತೋರಿತು. ಜೀವಕೋಶದೊಳಗೆ ತಪ್ಪಾಗಿ ಮಡಿಚಿಕೊಂಡ ಪ್ರೋಟೀನುಗಳಿಂದ ಸಕ್ಕರೆಯ ಸರಪಳಿಯನ್ನು ಬಿಡಿಸುವ ಕಿಣ್ವದ ಜೀನು ಅದು. ಅದರ ಕೊರತೆಯಿರುವ ಇನ್ನೊಬ್ಬ ವ್ಯಕ್ತಿ ವೈದ್ಯ ಸಾಹಿತ್ಯದಲ್ಲಿ ಎಲ್ಲೂ ಇರಲಿಲ್ಲ, ಹಾಗಾಗಿ ಆ ಬೆರಳು ಊಹೆಯಾಗಿಯೇ ಉಳಿಯುವ ಸಾಧ್ಯತೆಯಿತ್ತು. ತಂದೆ ಮಗನ ಲಕ್ಷಣಗಳನ್ನೂ ಜೀನಿನ ಹೆಸರನ್ನೂ ಬಿಡಿಸಿ ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಬೇರೆ ಬೇರೆ ಊರುಗಳ ತಂದೆತಾಯಿಯರು, ವೈದ್ಯರು ಅದನ್ನು ಓದಿ ತಮ್ಮ ಮಗುವಿನ ಗುರುತು ಹಿಡಿದರು. 2014ರ ವೇಳೆಗೆ ಎಂಟು ಮಕ್ಕಳ ವಿವರಗಳಿರುವ ವೈದ್ಯಕೀಯ ಪ್ರಬಂಧವೇ ಬಂತು, ಕಾಯಿಲೆ ಪುಸ್ತಕ ಸೇರಿತು. ಕಣ್ಣೀರು ಬಾರದಿರುವುದು ಯಾವ ಯಂತ್ರವೂ ಹಿಡಿಯುವ ಲಕ್ಷಣವಲ್ಲ, ದಿನವೂ ಮಗುವಿನ ಮುಖ ನೋಡುವವರಿಗೆ ಮಾತ್ರ ಅದು ಕಾಣುತ್ತದೆ.

ಭಾರತದಲ್ಲಿ ಎರಡನೇ ಮಗುವನ್ನು ಹುಡುಕುವುದು ಒಂದು ದೃಷ್ಟಿಯಿಂದ ಅಮೆರಿಕಕ್ಕಿಂತ ಸುಲಭ ಎಂದರೆ ಅಚ್ಚರಿಯಾಗಬಹುದು. ನಮ್ಮ ಮದುವೆಗಳು ಶತಮಾನಗಳಿಂದ ಜಾತಿಯೊಳಗೆ, ಉಪಜಾತಿಯೊಳಗೆ ನಡೆದು ಬಂದಿವೆ. ಬಹಳ ಹಿಂದಿನ ಒಬ್ಬ ಪೂರ್ವಜನಲ್ಲಿದ್ದ ಬದಲಾವಣೆ ಆ ಗುಂಪಿನೊಳಗೇ ಸುತ್ತುತ್ತ, ಹಲವರಲ್ಲಿ ಹರಡಿರುತ್ತದೆ. 2017ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿ, ಅವುಗಳಲ್ಲಿ 81ರಲ್ಲಿ ಈ ಪರಿಣಾಮ ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಹೆಚ್ಚಾಗಿದೆ ಎಂದಿತು. ಆ ಎರಡು ಜನವರ್ಗಗಳ ಅಧ್ಯಯನದಿಂದ ಎಷ್ಟೋ ವಿರಳ ಕಾಯಿಲೆಗಳ ಮೂಲ ಸಿಕ್ಕಿದೆ. ನಮ್ಮ ಸಮುದಾಯಗಳಿಂದ ಸಿಗಬೇಕಾದದ್ದು ಇನ್ನೂ ಬಾಕಿಯಿದೆ. ದೆಹಲಿಗೆ ಹತ್ತಿರದ ಉದಾಹರಣೆ ಅಗರವಾಲ್ ಸಮುದಾಯದ್ದು. ಹಸುಗೂಸಿನಲ್ಲೇ ತಲೆ ದೊಡ್ಡದಾಗುತ್ತ ಹೋಗಿ, ಮೆದುಳಿನ ಬಿಳಿಭಾಗ ಊದಿಕೊಂಡು, ನಡಿಗೆ ನಿಧಾನವಾಗಿ ಹದಗೆಡುವ ಕಾಯಿಲೆಯೊಂದನ್ನು ಮುಂಬಯಿಯ ನರತಜ್ಞ ಭೀಮ್ ಸಿಂಘಲ್ ಆ ಸಮುದಾಯದ ಮಕ್ಕಳಲ್ಲಿ ಮತ್ತೆ ಮತ್ತೆ ಕಂಡರು. ಅದೇ ಹೊತ್ತಿಗೆ ನೆದರ್ಲೆಂಡ್ಸಿನ ಮಾರ್ಯೋ ಫಾನ್ ದೆರ್ ಕ್ನಾಪ್ ಅಂಥದೇ ಕಾಯಿಲೆಯನ್ನು 1995ರಲ್ಲಿ ವಿವರಿಸಿದರು. 2001ರಲ್ಲಿ ಎಂಎಲ್‌ಸಿ1 ಜೀನು ಸಿಕ್ಕಿತು, ಮುಂದೆ ಅಗರವಾಲ್ ಮಕ್ಕಳಲ್ಲಿ ಅದರ ಒಂದೇ ಬದಲಾವಣೆ ಮರುಕಳಿಸುತ್ತಿರುವುದು ತಿಳಿಯಿತು. ಇವತ್ತು ಉತ್ತರ ಭಾರತದ ಮಕ್ಕಳ ನರತಜ್ಞರಿಗೆ ದೊಡ್ಡ ತಲೆ, ಆ ಎಂಆರ್‌ಐ, ಆ ಮನೆತನದ ಹೆಸರು ಇಷ್ಟು ಸಿಕ್ಕರೆ ಸಂಶಯ ತಟ್ಟನೆ ಹುಟ್ಟುತ್ತದೆ. ಮೊದಲ ಮಗುವಿಗೆ ವರ್ಷಗಳು ಹಿಡಿದದ್ದು ನಂತರದ ಮಗುವಿಗೆ ಕೆಲವು ವಾರಗಳ ಕೆಲಸ.

ನಮ್ಮ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದೇ ತರ್ಕ ಹಲವು ಸಲ ಫಲ ಕೊಟ್ಟಿದೆ. ಅಂಜು ಶುಕ್ಲಾ, ಕಟ್ಟ ಗಿರೀಶ ಮತ್ತು ಸಂಗಡಿಗರು 2017ರಲ್ಲಿ, ಪರಸ್ಪರ ಸಂಬಂಧವಿಲ್ಲದ ಎರಡು ಭಾರತೀಯ ಕುಟುಂಬಗಳ ಮಕ್ಕಳಲ್ಲಿ ಐಎಸ್‌ಸಿಎ1 ಎಂಬ ಜೀನಿನ ಒಂದೇ ಬದಲಾವಣೆ ಇರುವುದನ್ನು ತೋರಿಸಿ, ಮೈಟೊಕಾಂಡ್ರಿಯಾದ ಹೊಸ ಕಾಯಿಲೆಯೊಂದನ್ನು ಜಗತ್ತಿಗೆ ಪರಿಚಯಿಸಿದರು. ಒಂದೇ ಕುಟುಂಬವಿದ್ದಿದ್ದರೆ ಆ ಪ್ರಬಂಧಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ. ಕರ್ನಾಟಕ ಈ ದಾರಿಯಲ್ಲಿ ಇನ್ನೂ ಮುಂಚೆ ಹೆಜ್ಜೆಯಿಟ್ಟಿತ್ತು ಎಂಬುದನ್ನು ನಾವು ಮರೆತಿದ್ದೇವೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿದರು. ಆ ಶಿಶುಗಳಲ್ಲಿ ಮೂರರಲ್ಲೊಂದರಷ್ಟರ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ರೂಢಿಯ ಲೆಕ್ಕ ವಿಜ್ಞಾನದ ಕೈಗೆ ಸಿಕ್ಕಿದ್ದು ಆಗ. ಆ ಪರೀಕ್ಷೆ ಅಲ್ಲಿಗೇ ನಿಲ್ಲದೆ ರಾಜ್ಯದ ಪ್ರತಿ ಹೆರಿಗೆ ಆಸ್ಪತ್ರೆಯ ನಿತ್ಯದ ಕೆಲಸವಾಗಿದ್ದರೆ ಎಷ್ಟು ಮನೆಗಳ ಕತೆ ಬೇರೆಯಾಗುತ್ತಿತ್ತೋ ಎಂದು ನೆನೆದಾಗ ಸಂಕಟವಾಗುತ್ತದೆ.

ಹೋಲಿಕೆ ಎಂದರೆ ಡಿಎನ್‌ಎ ಯಂತ್ರಗಳೇ ಬೇಕೆಂದಿಲ್ಲ ಎಂಬುದಕ್ಕೆ ಮಲೆನಾಡಿನ ಹಂದಿಗೋಡು ಕಾಯಿಲೆ ಸಾಕ್ಷಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಈ ಕಾಯಿಲೆಯಲ್ಲಿ ಸೊಂಟದ ಕೀಲು, ಮೊಣಕಾಲು ಸವೆದು ನಡೆಯುವುದೇ ನರಕವಾಗುತ್ತಿತ್ತು. ಕೆಲವರಲ್ಲಿ ಬೆಳವಣಿಗೆ ಕುಂದಿ ಎತ್ತರವೂ ಕುಗ್ಗುತ್ತಿತ್ತು. ನರಳಿದವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳ ಕೂಲಿಗಳು. ಗದ್ದೆಗೆ ಕೀಟನಾಶಕ ಬಂದ ಕಾಲ ಅದು. ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೆಂಬ ಊಹೆ ಮೊದಲು ಹರಡಿತು. ಆ ಊಹೆ ಅರ್ಥಹೀನವಾಗಿರಲಿಲ್ಲ: ಬಡವರ ತಟ್ಟೆಗೆ ವಿಷ ಬಿದ್ದಿರಬಹುದೆಂಬ ಆತಂಕಕ್ಕೆ ಕಾರಣವಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವರ್ಣಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೆಲಸದಲ್ಲಿ ಲಖನೌದ ತಳಿತಜ್ಞರು ಮನೆಮನೆಯ ವಂಶವೃಕ್ಷಗಳನ್ನು ಬರೆದು, ಎಕ್ಸ್‌ರೇಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ ಎಂದು ತೋರಿಸಿದರು. ಒಬ್ಬ ರೋಗಿಯ ಎಕ್ಸ್‌ರೇಯಲ್ಲಿ ಕಾಣುತ್ತಿದ್ದುದು ಬರಿಯ ಸಂಧಿವಾತ. ನಾಲ್ಕು ತಲೆಮಾರುಗಳನ್ನು ಒಂದೇ ಹಾಳೆಯ ಮೇಲೆ ಬರೆದಾಗ ಕಂಡದ್ದು ಬೇರೆಯದೇ ಚಿತ್ರ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಊರುಗಳಲ್ಲಿ ಅದೇ ಚಿತ್ರ ಸಿಕ್ಕಿದ್ದು ನಿರ್ಣಯವನ್ನು ಗಟ್ಟಿಮಾಡಿತು.

ಒಮ್ಮೆ ಪರೀಕ್ಷೆ ಮಾಡಿಸಿ ಏನೂ ಸಿಗಲಿಲ್ಲವೆಂದರೆ ಬಾಗಿಲು ಮುಚ್ಚಿತೆಂದೇ ಬಹಳಷ್ಟು ಕುಟುಂಬಗಳು ತಿಳಿಯುತ್ತವೆ. 2024ರ ಒಂದು ಶೋಧ ಆ ತಿಳಿವಳಿಕೆಯನ್ನು ಬುಡಮೇಲು ಮಾಡಿತು. ಇಂಗ್ಲೆಂಡಿನ ನಿಕೋಲಾ ವಿಫಿನ್ ಅವರ ತಂಡ, ಹಲವು ವರ್ಷಗಳ ಹಿಂದೆಯೇ ಸಂಗ್ರಹವಾಗಿದ್ದ ಜೀನೋಮುಗಳನ್ನು ಮರಳಿ ನೋಡಿ, ಆರ್‌ಎನ್‌ಯು4-2 ಎಂಬ ಪುಟ್ಟ ಜೀನಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡದ್ದು ಅನೇಕ ಮಕ್ಕಳ ತೀವ್ರ ಬೌದ್ಧಿಕ ತೊಂದರೆಗೆ ಕಾರಣವೆಂದು ಕಂಡುಹಿಡಿಯಿತು. ಆ ಜೀನು ಪ್ರೋಟೀನನ್ನು ತಯಾರಿಸುವುದೇ ಇಲ್ಲ; ಇತರ ಜೀನುಗಳ ಸಂದೇಶವನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ನೆರವಾಗುವ ಆರ್‌ಎನ್‌ಎಯನ್ನಷ್ಟೇ ಕೊಡುತ್ತದೆ. ಅದಕ್ಕೇ ಎಕ್ಸೋಮ್ ಪರೀಕ್ಷೆಗಳ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ಪ್ರಬಂಧದಲ್ಲೇ 115 ಜನರ ವಿವರವಿತ್ತು. ಮೆದುಳಿನ ಬೆಳವಣಿಗೆಯ ತೊಂದರೆಗಳಲ್ಲಿ ಸುಮಾರು ಶೇಕಡಾ 0.4ರಷ್ಟಕ್ಕೆ ಇದೊಂದೇ ಕಾರಣವಿರಬಹುದೆಂಬ ಅಂದಾಜು ಸಿಕ್ಕಿತು; ಒಂದೇ ಜೀನಿಗೆ ಅದು ಬಹಳ ದೊಡ್ಡ ಪಾಲು. ಆ ಮಕ್ಕಳ ಉತ್ತರ ಅಷ್ಟು ಕಾಲವೂ ಕಂಪ್ಯೂಟರಿನಲ್ಲಿ ಇತ್ತು, ಒಬ್ಬೊಬ್ಬರನ್ನಾಗಿ ನೋಡಿದಾಗ ಕಾಣದೆ ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಕಂಡಿತು. ಹಳೆಯ ಎಕ್ಸೋಮ್ ದತ್ತಾಂಶವನ್ನೇ ಒಂದೆರಡು ವರ್ಷ ಬಿಟ್ಟು ಮರುಪರಿಶೀಲಿಸಿದರೆ, ಮೊದಲು ಉತ್ತರ ಸಿಗದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಉತ್ತರ ಸಿಗುತ್ತದೆಂದು ಹಲವು ದೇಶಗಳ ಅನುಭವ ಹೇಳುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನ 13,000ಕ್ಕೂ ಹೆಚ್ಚು ಕುಟುಂಬಗಳ ಅಧ್ಯಯನದಲ್ಲಿ ತಂದೆ, ತಾಯಿ, ಮಗು ಮೂವರ ಡಿಎನ್‌ಎಯನ್ನೂ ಹೋಲಿಸಿ, ಮತ್ತೆ ಮತ್ತೆ ನೋಡಿ, ಕೊನೆಗೆ ಸುಮಾರು ಶೇಕಡಾ 41ರಷ್ಟು ಮಕ್ಕಳಿಗೆ ನಿರ್ಣಯ ನೀಡಲಾಯಿತು. ಇಷ್ಟು ದೊಡ್ಡ ಪ್ರಯತ್ನದ ಕೊನೆಗೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಯುತ್ತಿದ್ದಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ವಿಜ್ಞಾನ ಕೊಡಲಾಗದ ಭರವಸೆಯನ್ನು ತಂದೆತಾಯಿಗೆ ಕೊಡುವುದು ಕ್ರೌರ್ಯ.

ಸಿಜಿಓ ಕಾಂಪ್ಲೆಕ್ಸಿನ ಆ ಇಲಾಖೆ ಈ ಕೊರತೆಯನ್ನು ಕಾಣದೆ ಕೂತಿಲ್ಲ. ಅದರ ನೆರವಿನಿಂದ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿತು. 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಪೂರ್ಣ ಜೀನೋಮುಗಳು ಓದಲ್ಪಟ್ಟು, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದವು. ದತ್ತಾಂಶ ಇರುವುದು ದೆಹಲಿಯ ಅಂಚಿನ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. ಅದಕ್ಕೆ ಮೊದಲು ದೆಹಲಿಯ ಐಜಿಐಬಿ ಸಂಸ್ಥೆ ಮತ್ತು ಹೈದರಾಬಾದಿನ ಸಿಸಿಎಂಬಿ ಸೇರಿ 1,029 ಜೀನೋಮುಗಳನ್ನು ಓದಿದಾಗ, ಕಂಡ ಸುಮಾರು 5.6 ಕೋಟಿ ಬದಲಾವಣೆಗಳಲ್ಲಿ ಶೇಕಡಾ 32ರಷ್ಟು ಆವರೆಗಿನ ಜಾಗತಿಕ ಸಂಗ್ರಹಗಳಲ್ಲಿ ಇರಲೇ ಇಲ್ಲ. ವಿಯುಎಸ್ ರಿಪೋರ್ಟುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಆದರೆ ಇದೆಲ್ಲ ಹೋಲಿಕೆಯ ಒಂದು ಭಾಗ, ಆರೋಗ್ಯವಂತರ ಭಾಗ. ಇನ್ನೊಂದು ಭಾಗ ಕಾಯಿಲೆಯ ಮಕ್ಕಳದ್ದು, ಅಲ್ಲಿ ನಾವು ಹಿಂದುಳಿದಿದ್ದೇವೆ. ಹೈದರಾಬಾದಿನ ಸಿಡಿಎಫ್‌ಡಿ ಮುನ್ನಡೆಸುತ್ತಿರುವ, ಮಕ್ಕಳ ವಿರಳ ಆನುವಂಶಿಕ ಕಾಯಿಲೆಗಳ ಯೋಜನೆ ಒಂದು ಒಳ್ಳೆಯ ಆರಂಭ. ಆದರೆ ಪರೀಕ್ಷೆಗಳ ದೊಡ್ಡ ಪಾಲು ನಡೆಯುವುದು ಖಾಸಗಿ ಪ್ರಯೋಗಾಲಯಗಳಲ್ಲಿ, ತಂದೆತಾಯಿಯ ಕೈಯಿಂದಲೇ ಹಣ ಕೊಟ್ಟು. ಬೆಳಗಾವಿಯ ಮಗುವಿನ ದತ್ತಾಂಶ ಒಂದು ಕಂಪನಿಯ ಸರ್ವರಿನಲ್ಲಿ, ಗಾಜಿಯಾಬಾದಿನ ಮಗುವಿನದು ಇನ್ನೊಂದರಲ್ಲಿ ಇದ್ದರೆ, ಅವರಿಬ್ಬರದೂ ಒಂದೇ ಕಾಯಿಲೆಯಾದರೂ ಅದು ಯಾರಿಗೂ ತಿಳಿಯದು. 2013ರಿಂದ ಜೀನ್‌ಮ್ಯಾಚರ್ ಎಂಬ ವ್ಯವಸ್ಥೆಯಿದೆ: ಒಬ್ಬ ವೈದ್ಯ ಅನುಮಾನದ ಜೀನಿನ ಹೆಸರನ್ನು ದಾಖಲಿಸಿದರೆ, ಲೋಕದ ಬೇರೆ ಮೂಲೆಯಲ್ಲಿ ಅದೇ ಜೀನನ್ನು ದಾಖಲಿಸಿದ ವೈದ್ಯನಿಗೆ ಸುದ್ದಿ ಮುಟ್ಟುತ್ತದೆ. ನಮ್ಮ ಪ್ರಯೋಗಾಲಯಗಳಿಗೆ ಇಂಥ ಜೋಡಣೆಯನ್ನು ಕಡ್ಡಾಯ ಮಾಡುವ ನಿಯಮ ಬೇಕು.

ಚಿಕಿತ್ಸೆಯೇ ಇಲ್ಲದ ಕಾಯಿಲೆಗೆ ಹೆಸರು ಹುಡುಕಿ ಏನು ಪ್ರಯೋಜನ ಎಂಬುದು ಅನೇಕ ವೈದ್ಯರೂ ಎತ್ತುವ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಗುರುತಿಸಲಾದ ವಿರಳ ಕಾಯಿಲೆಗಳಲ್ಲಿ ನಿರ್ದಿಷ್ಟ ಔಷಧಿ ಇರುವವು ಕೆಲವೇ. ಆದರೆ ಹೆಸರು ತಿಳಿಯುವ ಮೊದಲು ನಮ್ಮ ಮಗು ಆ ಕೆಲವರೊಳಗೆ ಸೇರಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಬಯೊಟಿನಿಡೇಸ್ ಎಂಬ ಕಿಣ್ವದ ಕೊರತೆಯಿದ್ದರೆ ಫಿಟ್ಸ್, ಕೂದಲುದುರುವಿಕೆ, ಕಿವುಡು ಬರುತ್ತವೆ. ಬಯೊಟಿನ್ ಎಂಬ ಅಗ್ಗದ ವಿಟಮಿನ್ ಗುಳಿಗೆಯನ್ನು ಮೊದಲೇ ಶುರುಮಾಡಿದರೆ ಮಗು ಎಲ್ಲರಂತೆ ಬೆಳೆಯಬಲ್ಲದು. ಕಿವಿ ಮಂದವಾಗಿ, ತೋಳು ಸೋತು, ಉಸಿರಾಟ ಕುಸಿಯುವ ಇನ್ನೊಂದು ಕಾಯಿಲೆಗೆ ರೈಬೊಫ್ಲೇವಿನ್ ಸಾಗಿಸುವ ಜೀನಿನ ದೋಷ ಕಾರಣವೆಂದು ಗೊತ್ತಾದದ್ದು 2010ರಲ್ಲಿ. ಹೆಚ್ಚಿನ ಪ್ರಮಾಣದ ರೈಬೊಫ್ಲೇವಿನ್ ಈಗ ಆ ಮಕ್ಕಳ ಜೀವ ಉಳಿಸುತ್ತಿದೆ. ಔಷಧಿಯಿಲ್ಲದ ಕಾಯಿಲೆಯಲ್ಲೂ ಹೆಸರು ಕೆಲಸ ಮಾಡುತ್ತದೆ. ಮುಂದಿನ ಬಸಿರಿನಲ್ಲಿ ಕಾಯಿಲೆ ಮರುಕಳಿಸುವ ಸಂಭವ ಶೇಕಡಾ 25 ಇದೆಯೋ, ಅಥವಾ ಹೊಸದಾಗಿ ಮೂಡಿದ ಬದಲಾವಣೆಯಾದ್ದರಿಂದ ತೀರಾ ಕಡಿಮೆಯೋ ಎಂಬುದು ಹೆಸರಿಲ್ಲದೆ ತಿಳಿಯದು. ಬಸಿರಿನಲ್ಲಿ ನೀನೇನೋ ಮಾಡಿದೆ, ಗ್ರಹಣ ನೋಡಿದೆ, ಸರಿಯಾಗಿ ಉಣ್ಣಲಿಲ್ಲ ಎಂದು ಚುಚ್ಚುವವರ ಮುಂದೆ ತಾಯಿಗೆ ನಿಲ್ಲಲು ನೆಲ ಸಿಗುವುದೂ ಆಗಲೇ.

ಕಾನೂನಿನ ಕಣ್ಣಿಗೂ ಹೆಸರಿಲ್ಲದ ಕಾಯಿಲೆ ಬೀಳುವುದಿಲ್ಲ. 2014ರ ಏಪ್ರಿಲ್ 17ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮನಮೋಹನ್ ಅವರು ಗೌಚರ್ ಕಾಯಿಲೆಯ ಬಡ ಬಾಲಕನೊಬ್ಬನಿಗೆ ಸರ್ಕಾರವೇ ಚಿಕಿತ್ಸೆ ಕೊಡಿಸಬೇಕೆಂದು ನೀಡಿದ ತೀರ್ಪು ಭಾರತದ ವಿರಳ ಕಾಯಿಲೆಗಳ ಚರ್ಚೆಯ ದಿಕ್ಕನ್ನೇ ಬದಲಿಸಿತು. ಆ ತಂದೆ ನ್ಯಾಯಾಲಯದ ಮೆಟ್ಟಿಲೇರಲು ಸಾಧ್ಯವಾದದ್ದು ಕಾಯಿಲೆಗೆ ಹೆಸರಿದ್ದುದರಿಂದ, ಆ ಹೆಸರಿಗೆ ಔಷಧಿಯಿದ್ದುದರಿಂದ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ ಮತ್ತು ಅದರ ಅಡಿಯಲ್ಲಿ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಸಿಗುವ 50 ಲಕ್ಷ ರೂಪಾಯಿವರೆಗಿನ ನೆರವು ಕೂಡ ಪಟ್ಟಿಯಲ್ಲಿ ಹೆಸರಿರುವ ಕಾಯಿಲೆಗಳಿಗೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ನಡೆಸುವ ಕೇಂದ್ರಕ್ಕೆ ಹೋದರೂ ಕೌಂಟರಿನಲ್ಲಿ ಮೊದಲ ಪ್ರಶ್ನೆ ಕಾಯಿಲೆ ಯಾವುದು ಎಂಬುದೇ.

ರಕ್ತಹೀನತೆ, ಅಪೌಷ್ಟಿಕತೆ, ಕ್ಷಯ ಇನ್ನೂ ಮಕ್ಕಳನ್ನು ಕಾಡುತ್ತಿರುವ ದೇಶದಲ್ಲಿ ಲಕ್ಷಕ್ಕೊಬ್ಬರ ಕಾಯಿಲೆಗೆ ಹಣ ಸುರಿಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ಪ್ರಾಮಾಣಿಕ. ಆದರೆ ಅವರು ಎರಡು ಬೇರೆ ಖರ್ಚುಗಳನ್ನು ಒಂದೇ ಚೀಟಿಯಲ್ಲಿ ಬರೆಯುತ್ತಾರೆ. ಬೆನ್ನುಹುರಿಯ ಸ್ನಾಯುಕ್ಷಯದ ಜೀನ್ ಚಿಕಿತ್ಸೆಗೆ ಸುಮಾರು 16 ಕೋಟಿ ರೂಪಾಯಿ ಎಂಬ ಸುದ್ದಿ ಕೇಳಿ ವಿರಳ ಕಾಯಿಲೆಯೆಂದರೆ ಹೀಗೇ ಎಂದು ನಾವು ಭಾವಿಸಿದ್ದೇವೆ. ಆ ಚಿಕಿತ್ಸೆಗಳ ಬೆಲೆ ಅನ್ಯಾಯದ್ದು, ಅದರ ಹೋರಾಟವೇ ಬೇರೆ. ನಿರ್ಣಯದ ಖರ್ಚು ಹಾಗಲ್ಲ. ಮೊದಲ ಮಾನವ ಜೀನೋಮ್ ಓದಲು ಹದಿಮೂರು ವರ್ಷ, ಸುಮಾರು 300 ಕೋಟಿ ಡಾಲರಿನ ಯೋಜನೆ ಬೇಕಾಗಿತ್ತು. ಇಂದು ಎಕ್ಸೋಮ್ ಪರೀಕ್ಷೆ ಕೆಲವು ಹತ್ತು ಸಾವಿರ ರೂಪಾಯಿಗಳಲ್ಲಿ ಆಗುತ್ತದೆ. ಉತ್ತರವಿಲ್ಲದೆ ಅಲೆಯುವ ಕುಟುಂಬ ರೈಲು, ಬಾಡಿಗೆ ಕೋಣೆ, ಮರುಮರು ಸ್ಕ್ಯಾನು, ಬಿಟ್ಟ ಕೂಲಿ ಎಂದು ಅದಕ್ಕಿಂತ ಬಹಳ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಒಂದು ಸಮುದಾಯದಲ್ಲಿ ಮರುಕಳಿಸುವ ಬದಲಾವಣೆ ಒಮ್ಮೆ ತಿಳಿದರೆ ಅದನ್ನು ಮುಂದೆ ಹುಡುಕುವುದು ತೀರಾ ಅಗ್ಗ. ಆಂಧ್ರ, ಕರ್ನಾಟಕದ ವೈಶ್ಯ ಸಮುದಾಯದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಒಂದು ಬಗೆಯ ಸ್ನಾಯು ಸಡಿಲಿಸುವ ಔಷಧಿ ಕೆಲವರಲ್ಲಿ ಅಪಾಯಕಾರಿಯಾಗಿ ದೀರ್ಘಕಾಲ ಉಳಿಯುತ್ತದೆಂದು ಅರಿವಳಿಕೆ ತಜ್ಞರಿಗೆ ಗೊತ್ತಿದೆ, ಅವರು ಸಮುದಾಯ ಯಾವುದೆಂದು ಕೇಳಿಯೇ ಮುಂದುವರಿಯುತ್ತಾರೆ. ತಿಳಿವಳಿಕೆಗೆ ಒಂದು ಸಲ ಖರ್ಚಾಯಿತು, ಉಪಯೋಗ ತಲೆಮಾರುಗಳಿಗೆ.

ಉತ್ತರಿಸಲು ನಿಜವಾಗಿ ಕಷ್ಟವಾದ ಆಕ್ಷೇಪ ಗೌಪ್ಯತೆಯದ್ದು. ದತ್ತಾಂಶ ಹಂಚಿಕೊಳ್ಳಿ ಎಂದು ಹೇಳುವುದು ಸುಲಭ, ಆದರೆ ವಿರಳ ಕಾಯಿಲೆಯ ಮಗುವಿನ ಹೆಸರು ಅಳಿಸಿದರೂ ಊರು, ವಯಸ್ಸು, ಲಕ್ಷಣ ಸೇರಿದರೆ ಗುರುತು ಸಿಕ್ಕಿಬಿಡಬಹುದು. ನಮ್ಮಲ್ಲಿ ಇನ್ನೂ ಒಂದು ಅಪಾಯವಿದೆ. ಕಾಯಿಲೆಗೆ ಜಾತಿಯ, ಊರಿನ ಹೆಸರು ಅಂಟಿಬಿಡುತ್ತದೆ. ಹಂದಿಗೋಡಿನವರು ಆ ಭಾರವನ್ನು ದಶಕಗಳಿಂದ ಹೊತ್ತಿದ್ದಾರೆ. ಬಡತನ, ಜಾತಿ, ಕಾಯಿಲೆ ಮೂರೂ ಒಂದೇ ಹೆಗಲ ಮೇಲೆ. ಇದನ್ನು ಬಲ್ಲವರು ದತ್ತಾಂಶ ಕೊಡಲು ಹಿಂಜರಿದರೆ ಅದನ್ನು ಅಜ್ಞಾನ ಎನ್ನಬಾರದು. ಆದರೆ ಇಲ್ಲಿ ಎಷ್ಟು ಹಂಚಬೇಕೆಂಬುದು ಮುಖ್ಯ. ಎರಡನೇ ಮಗುವನ್ನು ಹುಡುಕಲು ಇಡೀ ಜೀನೋಮನ್ನು ಯಾರ ಕೈಗೂ ಕೊಡಬೇಕಾಗಿಲ್ಲ, ಜಾತಿಯ ಹೆಸರೂ ಬೇಕಿಲ್ಲ. ಅನುಮಾನದ ಜೀನು ಮತ್ತು ಲಕ್ಷಣಗಳ ಪಟ್ಟಿ ಸಾಕು, ಜೀನ್‌ಮ್ಯಾಚರ್‌ನಂಥ ವ್ಯವಸ್ಥೆಗಳು ನಡೆಯುವುದೇ ಹಾಗೆ. ಒಪ್ಪಿಗೆ ಕನ್ನಡದಲ್ಲಿ, ಅರ್ಥವಾಗುವ ಮಾತಿನಲ್ಲಿ ಇರಬೇಕು, ಹಿಂತೆಗೆದುಕೊಳ್ಳಲು ಅವಕಾಶವಿರಬೇಕು. ಇವತ್ತಿನ ಸ್ಥಿತಿಯಲ್ಲಿ ಮಗುವಿನ ದತ್ತಾಂಶ ಗುಟ್ಟಾಗಿಯೂ ಇಲ್ಲ, ಉಪಯೋಗಕ್ಕೂ ಇಲ್ಲ. ಅದು ಕಂಪನಿಯ ಬಳಿ ಇದೆ, ತಂದೆತಾಯಿಯ ಬಳಿ ಮಾತ್ರ ಇಲ್ಲ.

ಈ ಹುಡುಕಾಟದಲ್ಲಿ ತಂದೆತಾಯಿಯರ ಪಾತ್ರ ವೈದ್ಯರ ಮಾತು ಕೇಳಿ ತಲೆಯಾಡಿಸುವುದಷ್ಟೇ ಅಲ್ಲ ಎಂಬುದನ್ನು ಬೆಂಗಳೂರಿನ ಪ್ರಸನ್ನ ಶಿರೋಳ ಅವರ ಕೆಲಸ ತೋರಿಸಿದೆ. ಮಗಳ ಪಾಂಪೆ ಕಾಯಿಲೆಗೆ ಹೆಸರು ಸಿಗಲು ವರ್ಷಗಟ್ಟಲೆ ಅಲೆದ ಆ ತಂದೆ, ಮುಂದೆ ಅಪರೂಪದ ಕಾಯಿಲೆಗಳ ಕುಟುಂಬಗಳನ್ನೆಲ್ಲ ಒಂದುಗೂಡಿಸುವ ಓಆರ್‌ಡಿಐ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಇಂಥ ಸಂಘಟನೆಗಳು ಎರಡನೇ ಮಗುವನ್ನು ಹುಡುಕುವ ಯಂತ್ರಗಳಿಗಿಂತ ಎಷ್ಟೋ ಸಲ ಚುರುಕು. ತಾಯಿ ಬರೆದಿಟ್ಟ ದಿನಚರಿ, ಮೊದಲ ಹೆಜ್ಜೆ ಯಾವಾಗ, ಫಿಟ್ಸ್‌ಗೆ ಮುನ್ನ ಜ್ವರವಿತ್ತೇ, ಬೆವರು, ಕಣ್ಣೀರು, ನಿದ್ರೆ ಹೇಗೆ ಎಂಬ ವಿವರಗಳನ್ನು ವೈದ್ಯರು ಒಂದು ನಿಗದಿತ ಪದಪಟ್ಟಿಗೆ ಹೊಂದಿಸಿ ದಾಖಲಿಸಿದರೆ ಅವನ್ನು ಕಂಪ್ಯೂಟರು ಲೋಕದ ಬೇರೆ ಮಕ್ಕಳ ಲಕ್ಷಣಗಳೊಂದಿಗೆ ಹೋಲಿಸಬಲ್ಲದು. ಪ್ರಯೋಗಾಲಯದಿಂದ ಮಗುವಿನ ಮೂಲ ದತ್ತಾಂಶದ ಪ್ರತಿಯನ್ನು ಕೇಳಿ ಪಡೆಯುವುದು, ಸಾಧ್ಯವಾದರೆ ಮೂವರ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸುವುದು, ಒಂದೆರಡು ವರ್ಷದ ಮೇಲೆ ಮರುಪರಿಶೀಲನೆಗೆ ಮತ್ತೆ ಹೋಗುವುದು ಯಾವ ಕುಟುಂಬವೂ ಮಾಡಬಹುದಾದದ್ದು. ಸರ್ಕಾರ ಮಾಡಬೇಕಾದದ್ದೂ ದೊಡ್ಡದೇನಲ್ಲ. ಆನುವಂಶಿಕ ಕಾಯಿಲೆಗಳಿಗಾಗಿ 2019ರಲ್ಲಿ ಶುರುವಾದ 'ಉಮ್ಮೀದ್' ಯೋಜನೆ ಯಾದಗಿರಿಯಂಥ ಹಿಂದುಳಿದ ಜಿಲ್ಲೆಗಳನ್ನೂ ಆರಿಸಿಕೊಂಡಿತು. ಅದರ ನಿದಾನ್ ಕೇಂದ್ರಗಳಲ್ಲಿ ಕೊಡುವ ಪ್ರತಿ ವಿಯುಎಸ್ ರಿಪೋರ್ಟಿನ ಕೊನೆಗೆ ಎರಡು ಸಾಲು ಸೇರಿಸಲು ಸಿಜಿಓ ಕಾಂಪ್ಲೆಕ್ಸಿನ ಆ ಇಲಾಖೆಯಿಂದ ಒಂದು ಸುತ್ತೋಲೆ ಸಾಕು: ಈ ದತ್ತಾಂಶವನ್ನು ಮತ್ತೆ ನೋಡುವ ದಿನಾಂಕ ಯಾವುದು, ಮತ್ತು ಈ ಜೀನನ್ನು ಬೇರೆ ಮಕ್ಕಳ ದಾಖಲೆಗಳೊಂದಿಗೆ ಹೋಲಿಸಲು ತಂದೆತಾಯಿ ಒಪ್ಪಿದ್ದಾರೆಯೇ.